ಗುರುವಿನ ಗುರುತು: ರಟ್ಟರ ಸೀಮೆಯ ಶಾಸನಾಧ್ಯಯನ ನಡೆದುಬಂದ ದಾರಿ

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸೀಮೆಯಲ್ಲಿ ಪ್ರಾಚೀನ ಧರ್ಮಗುರುಗಳ ಅಧಿಕಾರದ ಗುರುತನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಶಾಸನಕಲ್ಲಿನ ನೆತ್ತಿಯನ್ನು. ನಡುವೆ ಜಿನ ಇಲ್ಲವೆ ಲಿಂಗ, ಪಕ್ಕದಲ್ಲಿ ಪೂಜಕ, ಕರುವಿಗೆ ಹಾಲೂಡುವ ಹಸು, ಮೇಲೆ ಸೂರ್ಯಚಂದ್ರರು. ತಾಮ್ರಪಟದ ಬಳೆಯ ಮೇಲೆ ರಾಜಮುದ್ರೆ ಮಾಡುವ ಕೆಲಸವನ್ನೇ ಕಲ್ಲಿನ ಮೇಲೆ ಈ ಶಿಲ್ಪ ಮಾಡುತ್ತದೆ. ದಾನ ಯಾವ ದೇವರಿಗೆ ಸಂದಿತು, ಎಲ್ಲಿಯವರೆಗೆ ನಡೆಯಬೇಕು ಎಂಬುದನ್ನು ಅಕ್ಷರ ಬಾರದವರಿಗೂ ಸಾರುತ್ತದೆ.

ಈ ಸೀಮೆಯ ಅಧ್ಯಯನದ ಮೊದಲ ಘಟ್ಟ ಆರಂಭವಾದದ್ದು ರಾಜರ ಚರಿತ್ರೆಯಿಂದ. 19ನೆಯ ಶತಮಾನದ ಮೊದಲರ್ಧದಲ್ಲಿ ವಾಲ್ಟರ್ ಎಲಿಯಟ್ ಕನ್ನಡ ನಾಡಿನ ಶಾಸನಗಳ ಪ್ರತಿ ಮಾಡಿಸಿದರು. 1870ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಈ ಸೀಮೆಯನ್ನಾಳಿದ ರಟ್ಟರ ಸವದತ್ತಿ ಶಾಸನಗಳನ್ನೂ ನೆರೆಯ ಹಲಸಿಯ ಕದಂಬ ತಾಮ್ರಪಟಗಳನ್ನೂ ಪ್ರಕಟಿಸಿದರು. 1882ರಲ್ಲಿ ಬಂದ ಅವರ ಕನ್ನಡ ಜಿಲ್ಲೆಗಳ ರಾಜವಂಶಗಳ ಗ್ರಂಥ ಮುಂದಿನವರಿಗೆಲ್ಲ ಬುನಾದಿಯಾಯಿತು. ವಂಶಾವಳಿ, ತೇದಿ, ಬಿರುದುಗಳೇ ಆಗಿನ ಮುಖ್ಯ ಪ್ರಶ್ನೆಗಳು.

ಆದರೆ ಅದೇ ಶಾಸನಗಳಲ್ಲಿ ಗುರುಗಳೂ ಇದ್ದರು. ಸವದತ್ತಿಯ ಒಂದು ಶಾಸನ ರಟ್ಟ ಪೃಥ್ವೀರಾಮನನ್ನು ಜೈನ ಮುನಿಗಳ ಕಾರೇಯ ಗಣದ ಇಂದ್ರಕೀರ್ತಿಯ ಶಿಷ್ಯನೆಂದು ಕರೆದು, ಅವನ ದಾನಕ್ಕೆ ಶಕ 797ರ (ಕ್ರಿ.ಶ. 875) ತೇದಿ ಕೊಡುತ್ತದೆ. ಅವನ ಮೊಮ್ಮಗ ಶಾಂತಿವರ್ಮನ ಬಸದಿದಾನದ ಶಾಸನ 980ರದು. ಎರಡು ತಲೆಮಾರಿಗೆ ನೂರು ವರ್ಷ ಮೀರಿದ ಈ ಅಂತರವೇ ಮೊದಲ ತೇದಿಯ ಮೇಲೆ ಸಂಶಯ ಮೂಡಿಸಿತು.

ಎರಡನೆಯ ಘಟ್ಟದಲ್ಲಿ ನಾಡಿನ ವಿದ್ವಾಂಸರೇ ಮುಂದೆ ಬಂದರು. 1939ರಲ್ಲಿ ಕೆ.ಜಿ. ಕುಂದಣಗಾರರ ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನ ಸಂಕಲನ ಹೊರಬಂತು. ಅದೇ ವರ್ಷ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಆ.ನೇ. ಉಪಾಧ್ಯೆ ಯಾಪನೀಯವೆಂಬ ಜೈನ ಸಂಘವನ್ನು ಅಧ್ಯಯನದ ನಡುವಿಗೆ ತಂದರು. ಪಿ.ಬಿ. ದೇಸಾಯಿಯವರ 1957ರ ಗ್ರಂಥ ದಕ್ಷಿಣದ ಜೈನಧರ್ಮವನ್ನು ಶಾಸನಗಳ ಆಧಾರದಿಂದಲೇ ಕಟ್ಟಿತು. ಕದಂಬ ದೊರೆ ಮೃಗೇಶವರ್ಮ ಹಲಸಿಯ ಜಿನಾಲಯಕ್ಕಾಗಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ಕೊಟ್ಟ 33 ನಿವರ್ತನ ಭೂಮಿ ರಾಜನ ಔದಾರ್ಯದ ಮಾತಾಗಿಯಷ್ಟೇ ಉಳಿಯಲಿಲ್ಲ. ಮೂರು ಜೈನ ಪಂಗಡಗಳು ಒಂದೇ ಊರಿನಲ್ಲಿ ಬಾಳಿದ್ದಕ್ಕೂ ಸಾಕ್ಷಿಯಾಯಿತು.

ಗುರುವಿನ ಅಧಿಕಾರ ಎಲ್ಲಿಯವರೆಗೆ ಬೆಳೆದಿತ್ತೆಂಬುದಕ್ಕೆ 1228ರ ಸವದತ್ತಿ ಶಾಸನ ಸಾಕು. ನಾಲ್ಕನೆಯ ಕಾರ್ತವೀರ್ಯ ಮತ್ತು ಎರಡನೆಯ ಲಕ್ಷ್ಮೀದೇವನ ರಾಜಗುರು ಮುನಿಚಂದ್ರನನ್ನು ಅದು ರಟ್ಟರಾಜ್ಯವನ್ನು ನೆಲೆಗೊಳಿಸಿದ ಆಚಾರ್ಯನೆಂದೇ ಹೊಗಳುತ್ತದೆ. ಕೇಶಿರಾಜನೆಂಬವನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದ ದಾನವೂ ಅದೇ ಕಲ್ಲಿನಲ್ಲಿದೆ. ಜೈನ ಗುರು, ಶೈವ ದೇಗುಲ ಎರಡಕ್ಕೂ ಒಂದೇ ಶಾಸನ ಎಡೆ ಕೊಟ್ಟ ಕಾಲವದು.

ಅಕ್ಷರದ ಜೊತೆಗೆ ಶಿಲ್ಪವನ್ನೂ ಓದುವ ಮೂರನೆಯ ಘಟ್ಟ ಇನ್ನೂ ಪೂರ್ತಿ ಬಂದಿಲ್ಲ. ಮುದ್ರಿತ ಸಂಪುಟಗಳಲ್ಲಿ ಪಾಠಕ್ಕೆ ಪುಟಗಟ್ಟಲೆ ಜಾಗ. ನೆತ್ತಿಯ ಶಿಲ್ಪಕ್ಕೆ ಸಾಮಾನ್ಯವಾಗಿ ಒಂದೆರಡು ಸಾಲು. ಸೊಗಲದ ಸೋಮೇಶ್ವರ, ದೇಗಾಂವಿಯ ಕಮಲನಾರಾಯಣ, ತೊರಗಲ್ಲಿನ ಭೂತನಾಥ ದೇವಾಲಯಗಳ ಶಾಸನಗಳನ್ನು ಅಕ್ಷರ ಮತ್ತು ಚಿತ್ರ ಎರಡನ್ನೂ ಕೂಡಿಸಿ ಓದಬೇಕು. ಊರಿನ ಹಿರಿಯರು ಶಾಸನಕಲ್ಲಿಗೆ ಸುಣ್ಣ, ಬಣ್ಣ ಬಳಿಯದಂತೆ ನೋಡಿಕೊಳ್ಳಲಿ. ಇತಿಹಾಸದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದೊಯ್ದು ಪ್ರತಿ ಕಲ್ಲಿನ ನೆತ್ತಿಯ ಚಿತ್ರ ತೆಗೆದು ದಾಖಲಿಸಲಿ.