ಹೆಪ್ಪು, ಖಮೀರು, ಕಿಣ್ವ: ರಾಯಚೂರು ಸೀಮೆಯಲ್ಲಿ ಒಂದು ಪದದ ಹಾದಿ

ಮಾನ್ವಿ, ದೇವದುರ್ಗ, ಬಾಗಲವಾಡದ ಕಡೆ ಹಾಲಿಗೆ ಹೆಪ್ಪು ಹಾಕುವ ಕೈಗೆ ಋತು ಗೊತ್ತಿರುತ್ತದೆ. ಚಳಿಗಾಲದಲ್ಲಿ ಚಮಚ ತುಂಬ ಬೇಕಾದ ಹೆಪ್ಪು, ಬಿಸಿಲು 40 ಡಿಗ್ರಿ ದಾಟಿದ ದಿನ ನಾಲ್ಕು ಹನಿಯಾದರೆ ಸಾಕು. ಹೆಚ್ಚಾದರೆ ಬೆಳಗಾಗುವಷ್ಟರಲ್ಲಿ ಮೊಸರು ಹುಳಿಯಾಗಿ ನೀರು ಬಿಟ್ಟಿರುತ್ತದೆ. ಹಾಲಿನ ಸಕ್ಕರೆಯನ್ನು ಒಡೆದು ಹುಳಿಯಾಗಿಸುವುದು ಹೆಪ್ಪಿನ ಬ್ಯಾಕ್ಟೀರಿಯಾಗಳೊಳಗಿನ ಕಿಣ್ವಗಳು. ಹದವಾದ ಶಾಖದಲ್ಲಿ ಅವುಗಳ ಕೆಲಸ ಚುರುಕು. ಆ ಕೆಲಸ ಮನೆಮನೆಗೂ ಗೊತ್ತು, ಕಿಣ್ವ ಎಂಬ ಪದ ಮಾತ್ರ ಶಾಲೆಯ ಪುಸ್ತಕ ದಾಟಿ ಅಡುಗೆಮನೆಗೆ ಬಂದಿಲ್ಲ. ಅದು ಯಾಕೆ ಹಾಗಾಯಿತು ಎಂದು ಹುಡುಕಲು ಹೊರಟರೆ ಈ ಸೀಮೆಯ ಚರಿತ್ರೆಯೇ ಎದುರಾಗುತ್ತದೆ.

ಕಿಣ್ವ ಈಚೆಗೆ ಕಟ್ಟಿದ ಪದವಲ್ಲ. ಸಂಸ್ಕೃತದಲ್ಲಿ ಅದು ಮದ್ಯ ಹುದುಗಿಸಲು ಬೆರೆಸುವ ಮೂಲದ್ರವ್ಯದ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಕಡೆ ಕಿಣ್ವ ಕಟ್ಟುವ ಅಳತೆಯೇ ಸಿಗುತ್ತದೆ: ರುಬ್ಬಿದ ಉದ್ದು ಒಂದು ದ್ರೋಣ, ಹಸಿಯದಾದರೂ ಸರಿ ಬೆಂದದ್ದಾದರೂ ಸರಿ, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ, ಮೊರಟ ಮೊದಲಾದ ಮೂಲಿಕೆಗಳು ಕರ್ಷದ ಲೆಕ್ಕದಲ್ಲಿ. ಈ ಗ್ರಂಥವನ್ನು 1905ರಲ್ಲಿ ತಾಳೆಗರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳು. ಚಾರ್ವಾಕರಿಗೂ ಕಿಣ್ವವೇ ದೃಷ್ಟಾಂತ. ಕಿಣ್ವ ಸೇರಿದಾಗ ಅಮಲು ಹುಟ್ಟುವ ಹಾಗೆ, ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ.

ಯುರೋಪಿನ ವಿಜ್ಞಾನವೂ ಹುದುಗಿನ ಹಾದಿಯಲ್ಲೇ ಬಂತು. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ವಸ್ತುವನ್ನು ಬೇರ್ಪಡಿಸಿ ಡಯಾಸ್ಟೇಸ್ ಎಂದರು. 1836ರಲ್ಲಿ ಶ್ವಾನ್ ಜಠರದಲ್ಲಿ ಪೆಪ್ಸಿನ್ ಕಂಡುಹಿಡಿದ. ಇಂಥ ವಸ್ತುಗಳಿಗೆಲ್ಲ ಎನ್‌ಜೈಮ್ ಎಂಬ ಹೆಸರು ಕೊಟ್ಟವನು ಜರ್ಮನಿಯ ಕ್ಯೂನೆ, 1876ರ ಸುಮಾರಿಗೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಹುದುಗಿನೊಳಗೆ’. 1897ರಲ್ಲಿ ಬುಖ್ನರ್ ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿದ ರಸ, ಒಂದೂ ಜೀವಕೋಶವಿಲ್ಲದೆ, ಸಕ್ಕರೆಯನ್ನು ಆಲ್ಕೊಹಾಲ್ ಮಾಡಿತು. 1907ರ ನೊಬೆಲ್ ಅವನಿಗೆ ಬಂದದ್ದು ಈ ಕೆಲಸಕ್ಕೆ.

ಅಚ್ಚಗನ್ನಡದ ‘ಹೆಪ್ಪು’ ಇರುವಾಗ ಕಿಣ್ವವೇಕೆ ಬೇಕಿತ್ತು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಅದಕ್ಕೆ ಉತ್ತರ ಬುಖ್ನರ್‌ನ ಪ್ರಯೋಗದಲ್ಲಿದೆ. ಹೆಪ್ಪು ಎಂದರೆ ಜೀವವಿರುವ ಸೂಕ್ಷ್ಮಾಣುಗಳ ಮುದ್ದೆ. ಎನ್‌ಜೈಮ್ ಅದರೊಳಗಿಂದ ಬೇರ್ಪಡಿಸಬಹುದಾದ, ಜೀವವಿಲ್ಲದ ವಸ್ತು. ಹೆಪ್ಪು ದಿನಬಳಕೆಯಲ್ಲಿ ಬಿಗಿಯಾಗಿ ಕೂತ ಪದವಾದ್ದರಿಂದ ಹೊಸ ಅರ್ಥಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಕಿಣ್ವ ಬಳಕೆ ತಪ್ಪಿತ್ತು, ಹಾಗಾಗಿ ಖಾಲಿ ಇತ್ತು. ಅದನ್ನು ಆರಿಸಿದ್ದು ಸರಿಯಾದ ಆಯ್ಕೆ ಎಂದೇ ನಾನು ತಿಳಿಯುತ್ತೇನೆ. ತಪ್ಪಾದದ್ದು ಅದನ್ನು ಹೆಪ್ಪಿನ ಪಕ್ಕದಲ್ಲಿಟ್ಟು ಕಲಿಸದೆ ಹೋದದ್ದು.

ರಾಯಚೂರಿನ ಮಟ್ಟಿಗೆ ಕಾರಣ ಇನ್ನೊಂದಿದೆ. 1918ರಲ್ಲಿ ಹಳೆಯ ಮೈಸೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಸಂಗಡಿಗರು ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿ ಕನ್ನಡಕ್ಕೆ ಶಾಸ್ತ್ರಪದಗಳನ್ನು ಹುಡುಕುತ್ತಿದ್ದರು. ಅದೇ ವರ್ಷ ನಿಜಾಮರ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾಯಿತು. ಅದಕ್ಕೂ ಮೊದಲೇ, 1917ರಲ್ಲಿ, ಪಠ್ಯಗಳನ್ನು ಉರ್ದುವಿಗೆ ತರಲು ಭಾಷಾಂತರ ಕಚೇರಿ ತೆರೆದಿತ್ತು. ರಾಯಚೂರು ಜಿಲ್ಲೆ ಆ ರಾಜ್ಯದ್ದು. ಇಲ್ಲಿನ ಮಗು ಮುಂದೆ ಓದಿದರೆ ಕೈಗೆ ಸಿಗುತ್ತಿದ್ದದ್ದು ಉರ್ದು ಪದ. ಉರ್ದುವಿನಲ್ಲಿ ಖಮೀರ್ ಎಂದರೆ ಹುದುಗು, ಎನ್‌ಜೈಮ್‌ಗೆ ಖಾಮಿರಾ. ಗ್ರೀಕ್, ಸಂಸ್ಕೃತ, ಅರಬಿ ಮೂರೂ ಮೂಲಗಳಿಂದ ಬಂದ ಪದಗಳು ಒಂದೇ ಹಿಟ್ಟಿನ ಮಡಕೆಯೊಳಗೆ ಕೈ ಹಾಕಿವೆ. ಆಸ್ಪತ್ರೆಗೆ ‘ದವಾಖಾನಿ’ ಎನ್ನುವ ನಮ್ಮ ಹಿರಿಯರಿಗೆ ಯುನಾನಿ ಹಕೀಮರ ಖಮೀರಾ ಲೇಹ್ಯ ಅಪರಿಚಿತವಲ್ಲ. 1948ರಲ್ಲಿ ಹೈದರಾಬಾದ್ ವಿಲೀನವಾಗಿ, 1956ರಲ್ಲಿ ಏಕೀಕರಣವಾದ ಮೇಲೆ ಕನ್ನಡದ ವಿಜ್ಞಾನಪಠ್ಯ ಈ ಸೀಮೆಯಲ್ಲಿ ನೆಲೆ ಕಂಡಿತು. ಕಿಣ್ವ ಬಂದದ್ದು ಹೀಗೆ, ತಡವಾಗಿ, ಪರೀಕ್ಷೆಯ ಉತ್ತರವಾಗಿ.

ಅದಕ್ಕೆ ಮೊದಲು ಜೀರ್ಣದ ಬಗ್ಗೆ ಇಲ್ಲಿ ಕನ್ನಡ ಮಾತೇ ಇರಲಿಲ್ಲವೆಂದಲ್ಲ. ಮಾನ್ವಿಯ ಜಗನ್ನಾಥದಾಸರ (1728–1809) ‘ಹರಿಕಥಾಮೃತಸಾರ’ದಲ್ಲಿ ಭೋಜನರಸವಿಭಾಗ ಎಂಬ ಸಂಧಿಯೇ ಇದೆ. ಅವರ ಬದುಕಿನ ಕಥೆಯೂ ಹೊಟ್ಟೆಯದೇ. ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡವರಿಗೆ ನಿಜವಾದ ಉದರಶೂಲೆ ಬಂತು. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಧನ್ವಂತರಿಯನ್ನು ನೆನೆದು ಕೊಟ್ಟ ಜೋಳದ ರೊಟ್ಟಿಯಿಂದ ವಾಸಿಯಾಯಿತು ಎಂದು ದಾಸಪರಂಪರೆ ಹೇಳುತ್ತದೆ. ಆ ಲೋಕದಲ್ಲಿ ಅನ್ನ ಅರಗಿಸುವುದು ಜಾಠರಾಗ್ನಿ. ಚರಕ ಪರಂಪರೆ ಜಠರದಲ್ಲಿ 1, ಭೂತಗಳಲ್ಲಿ 5, ಧಾತುಗಳಲ್ಲಿ 7, ಹೀಗೆ 13 ಅಗ್ನಿಗಳನ್ನು ಎಣಿಸುತ್ತದೆ. ಅಗ್ನಿಯೇ ಕಿಣ್ವ ಎಂದು ಸಮೀಕರಿಸುವ ಉತ್ಸಾಹ ನನಗೆ ಒಪ್ಪಿಗೆಯಿಲ್ಲ. ಕಿಣ್ವದ ವಿಶೇಷವೇ ಬೆಂಕಿಯಿಲ್ಲದೆ ಕೆಲಸ ಮಾಡುವುದು. ಪ್ರಯೋಗಾಲಯದಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸಲು ಆಮ್ಲ ಸೇರಿಸಿ ಕುದಿಸಬೇಕು; ಬಾಯಿಯ ಅಮೈಲೇಸ್ 37 ಡಿಗ್ರಿಯಲ್ಲೇ ಅದನ್ನು ಒಡೆಯಲು ತೊಡಗುತ್ತದೆ. ಪಲ್ಯ ಹಚ್ಚದೆ ಒಂದು ತುತ್ತು ರೊಟ್ಟಿಯನ್ನು ನುಂಗದೆ ಅಗಿಯುತ್ತಾ ಇದ್ದರೆ ನಿಧಾನಕ್ಕೆ ಸಿಹಿ ಇಳಿಯುವುದು ಅದಕ್ಕೇ.

ಡಯಾಸ್ಟೇಸ್‌ನ ಬಾಲ ‘ಏಸ್’ ಈಗ ಕಿಣ್ವಗಳ ಮನೆಹೆಸರು. ಹಾಗೆ ಹೆಸರಿಡುವ ಕ್ರಮವನ್ನು 1898ರಲ್ಲಿ ಸೂಚಿಸಿದವನು ದ್ಯೂಕ್ಲೋ. 1961ರ ಅಂತರರಾಷ್ಟ್ರೀಯ ಆಯೋಗ ಕಿಣ್ವಗಳನ್ನು ಕೆಲಸದ ಮೇಲೆ 6 ವರ್ಗ ಮಾಡಿತು. 2018ರಲ್ಲಿ ಏಳನೆಯದು ಸೇರಿತು. ಒಂದೊಂದು ಕಿಣ್ವಕ್ಕೂ ಸಂಸ್ಕೃತದಲ್ಲಿ ಹೊಸ ಹೆಸರು ಕಟ್ಟುವ ಶ್ರಮ ವ್ಯರ್ಥ. ಅಮೈಲೇಸ್, ಲೈಪೇಸ್ ಹಾಗೇ ಇರಲಿ. ಬೇಕಾದದ್ದು ಅವುಗಳ ಕೆಲಸ ಹೇಳುವ ಮಾತು.

ಕಾಲುವೆ ನೀರಿನ ಭತ್ತ, ಹತ್ತಿಯ ಈ ಜಿಲ್ಲೆಯಲ್ಲಿ ಆ ಮಾತು ತುರ್ತಾಗಿ ಬೇಕಾಗುವುದು ಕೀಟನಾಶಕ ದೇಹ ಹೊಕ್ಕಾಗ. ಆರ್ಗನೋಫಾಸ್ಫೇಟ್ ಜಾತಿಯ ಎಣ್ಣೆ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ನರ ಕಳಿಸಿದ ಅಸಿಟೈಲ್‌ಕೋಲಿನ್ ಅಳಿಯದೆ ಉಳಿಯುತ್ತದೆ; ಜೊಲ್ಲು, ಬೆವರು ಸುರಿಯುತ್ತವೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಉಸಿರು ಕಟ್ಟುತ್ತದೆ. ವೈದ್ಯರು ಅಟ್ರೋಪಿನ್ ಕೊಡುತ್ತಾರೆ, ರಕ್ತದಲ್ಲಿ ಆ ಕಿಣ್ವದ ಮಟ್ಟ ನೋಡುತ್ತಾರೆ. ವರದಿಯ ಕಾಗದ ಹಿಡಿದು ವಾರ್ಡಿನ ಹೊರಗೆ ನಿಂತವರು “ಏನ್ ಕಮ್ಮಿ ಆಗೇದ್ರೀ?” ಎಂದು ಕೇಳುತ್ತಾರೆ. “ನರದ ಸುದ್ದಿ ಮುಟ್ಟಿದ ಮ್ಯಾಲ ಅದನ್ನ ಒರಸಿ ಹಾಕೋ ಕಿಣ್ವ ಒಂದದ. ಹಾಲಿಗೆ ಹೆಪ್ಪಿನಂಗ ಇಷ್ಟೇ ಇದ್ರೂ ದೊಡ್ಡ ಕೆಲಸ ಮಾಡ್ತದ. ಎಣ್ಣಿ ಅದರ ಕೈ ಕಟ್ಟೇದ” ಎಂದರೆ ಕಾಗದದ ಅಂಕಿ ಅವರಿಗೆ ಅರ್ಥವಾಗುತ್ತದೆ, ಮರುದಿನ ಮತ್ತೆ ರಕ್ತ ತೆಗೆಯುವುದು ಯಾಕೆಂಬುದೂ.