ಒರೆಗಲ್ಲಿನ ಧರ್ಮ

ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಮೂಗೂರೆಂದರೆ ತ್ರಿಪುರಸುಂದರಿ ಅಮ್ಮನವರ ಊರು. ಮೈಸೂರು ನಾಡಿನ ಉಳಿದ ಹಳ್ಳಿಗಳಂತೆ ಆ ಕಡೆಯಲ್ಲಿಯೂ ಹಿಂದೆ ಸಿಡುಬನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದರು. ಮಗುವಿಗೆ ಅಮ್ಮ ಬಂದಿತೆಂದರೆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಏರುತ್ತಿತ್ತು. ಆ ಬೇನೆ ನಮ್ಮ ದೇಶದಲ್ಲಿ 1975ರಲ್ಲಿ ಕೊನೆಗಂಡಿತು; ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಉಳಿದಿರುವುದು ಹಿರಿಯರ ತೋಳಿನ ಮೇಲಣ ದಾಕಿನ ಕಲೆ ಮಾತ್ರ. ನಿಮ್ಮ ಮನೆಯಲ್ಲಿಯೂ ಅಂಥ ಒಂದು ತೋಳು ಇದ್ದೀತು.

ಆ ದಾಕು ಮಕ್ಕಳ ತೋಳಿಗೆ ಬರುವ ಮುನ್ನ ಒಂದು ಬರಹವಾಗಿತ್ತು. ಅದನ್ನು ಮೊದಲು ಓದಿ ತೂಗಿದವರು ಅದನ್ನು ಒಪ್ಪಲಿಲ್ಲವೆಂಬ ಸಂಗತಿ ನಿಮಗೆ ಸೋಜಿಗವೆನಿಸಬಹುದು.

ವೈದ್ಯ ಪತ್ರಿಕೆಗೆ ಬಂದ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ, ಅದೇ ವಿದ್ಯೆಯನ್ನು ಬಲ್ಲ ಬೇರೆಯವರಿಂದ ಓದಿಸಿ ಅಭಿಪ್ರಾಯ ಪಡೆಯುವ ಪದ್ಧತಿಯೊಂದುಂಟು. ಹಾಗೆ ಓದುವವರನ್ನು ಪರಿಶೀಲಕರೆನ್ನೋಣ. ಅವರ ಹೆಸರು ಸಾಮಾನ್ಯವಾಗಿ ಹೊರಬೀಳುವುದಿಲ್ಲ. ಸಂಬಳವೂ ಬಹುಮಟ್ಟಿಗೆ ಇಲ್ಲ. ಅಕ್ಕಸಾಲಿಯ ಒರೆಗಲ್ಲಿನಂತೆ ಅವರ ಕೆಲಸ. ಈ ಪದ್ಧತಿ ಇಂದು ನಿನ್ನೆಯದಲ್ಲ. 1731ರಲ್ಲಿ ಎಡಿನ್‌ಬರೋ ನಗರದಲ್ಲಿ ಕೂಡಿದ ವೈದ್ಯರ ಸಂಘವು, ತನಗೆ ಬಂದ ಬರಹಗಳನ್ನು ಆಯಾ ವಿಷಯ ಬಲ್ಲ ಸದಸ್ಯರಿಗೆ ಹಂಚಿ, ಓದಿದವರು ಯಾರೆಂಬುದು ಬರೆದವರಿಗೆ ತಿಳಿಯದಂತೆ ನೋಡಿಕೊಳ್ಳುತ್ತಿತ್ತು. 1752ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯೂ ಬರಹಗಳನ್ನು ಆರಿಸಲು ಒಂದು ಸಮಿತಿಯನ್ನು ನೇಮಿಸಿತು.

ಆ ಸೊಸೈಟಿಗೇ ಎಡ್ವರ್ಡ್ ಜೆನ್ನರ್ ಎಂಬ ಹಳ್ಳಿಯ ವೈದ್ಯನ ಬರಹ 1797ರಲ್ಲಿ ಬಂದದ್ದು. ಹಸುವಿನ ಸಿಡುಬು ತಗಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂಬುದು ಅವನ ವಾದ. ಹಿಂದಿನ ವರ್ಷ ಮೇ 14ರಂದು ಅವನು ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ತಾಕಿಸಿದ್ದನು. ಮುಂದೆ ನಿಜವಾದ ಸಿಡುಬಿನ ರಸವನ್ನೇ ಹಾಕಿದಾಗಲೂ ಹುಡುಗನಿಗೆ ಬೇನೆ ಬರಲಿಲ್ಲ. ಬರಹವನ್ನು ಓದಿದ ಎವರಾರ್ಡ್ ಹೋಮ್ ಎಂಬ ಶಸ್ತ್ರವೈದ್ಯನಿಗೆ ಇಷ್ಟು ಸಾಲಲಿಲ್ಲ. ಇಪ್ಪತ್ತು ಮೂವತ್ತು ಮಕ್ಕಳಲ್ಲಿ ಇದೇ ಫಲ ಕಂಡರೆ ತನ್ನ ಅಭಿಪ್ರಾಯ ಬದಲಾದೀತು ಎಂಬುದು ಅವನ ನಿಲುವು. ಬರಹ ಹಿಂದಿರುಗಿತು. ಜೆನ್ನರನು ಇನ್ನಷ್ಟು ಮಕ್ಕಳಿಗೆ ದಾಕು ಹಾಕಿ, ಒಟ್ಟು 23 ಪ್ರಸಂಗಗಳನ್ನು ಸೇರಿಸಿ, 1798ರಲ್ಲಿ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿದನು.

ಹೋಮನನ್ನು ನಾವು ಹಳಿಯಬೇಕೆ? ಒಬ್ಬ ಹುಡುಗನನ್ನು ನೋಡಿ ಊರಿಗೆಲ್ಲ ಮದ್ದು ಹೇಳುವುದು ವೈದ್ಯಧರ್ಮವಲ್ಲ. ಅವನು ಬರಿದೇ ‘ಒಲ್ಲೆ’ ಎನ್ನಲಿಲ್ಲ. ಯಾವುದು ಸಾಲದು, ಏನು ತಂದರೆ ಸಾಕು ಎಂಬುದನ್ನು ಹೇಳಿದನು. ಪರಿಶೀಲಕನ ಮೊದಲ ಹೊಣೆ ಇದೇ. ಆದರೆ ತೋಟದ ಆಳೊಬ್ಬನ ಮಗನ ಮೈಗೆ ಸಿಡುಬನ್ನು ಹಾಕಿ ನೋಡಬಹುದೆ ಎಂಬ ಪ್ರಶ್ನೆ ಅಂದು ಮುಂದೆ ಬರಲಿಲ್ಲ. ಇಂದಿನ ಪರಿಶೀಲಕನು ಅದನ್ನು ಮೊದಲು ಕೇಳಬೇಕು.

ಮುಂದೆ ದಾಕು ಹಡಗು ಹತ್ತಿ ಬಂದಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಅದು ತಗಲಿತು. ಅಲ್ಲಿಂದ ತೋಳಿನಿಂದ ತೋಳಿಗೆ ದೇಶವೆಲ್ಲ ನಡೆಯಿತು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಅವರು ಮೈಸೂರಿನ ಅರಮನೆಯವರು, ಸೆರಗು ಸರಿಸಿ ತೋಳು ತೋರುವಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಆಕೆ ತೋರುತ್ತಿರುವುದು ದಾಕಿನ ಗುರುತು ಎಂದು ಒಬ್ಬ ಇತಿಹಾಸಕಾರರು ವಾದಿಸಿದ್ದಾರೆ.

ಜನ ದಾಕಿಗೆ ಹೆದರುತ್ತಿದ್ದ ಕಾಲ ಅದು. ಆ ಹೆದರಿಕೆಯನ್ನು ಕಳೆಯಲು ಕೆಲವರು ಅಡ್ಡದಾರಿ ಹಿಡಿದರು. 1819ರಲ್ಲಿ ‘ಮದ್ರಾಸ್ ಕೊರಿಯರ್’ ಪತ್ರಿಕೆಯಲ್ಲಿ ‘ಕಲ್ವಿ ವಿರುಂಬೋನ್’ ಎಂಬ ಹೆಸರಿನಿಂದ ಒಂದು ಕಾಗದ ಬಂದಿತು. ಹಸುವಿನ ಕೆಚ್ಚಲಿನ ಗುಳ್ಳೆಯಿಂದ ದಾಕು ಹಾಕುವ ಕ್ರಮ ಧನ್ವಂತರಿಯ ಹೆಸರಿನ ಸಂಸ್ಕೃತ ಗ್ರಂಥದಲ್ಲಿಯೇ ಇದೆಯೆಂದು ಅದು ಹೇಳಿತು. ಮೂಲವನ್ನು ತೆರೆದು ನೋಡದೆ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು, ಯೂರೋಪಿನವರೂ ನಂಬಿದರು. 1987ರಲ್ಲಿ ಡಾಮಿನಿಕ್ ವುಯಾಸ್ತಿಕ್ ಎಂಬ ವಿದ್ವಾಂಸರು, ಅದು ಪ್ರಾಚೀನ ಗ್ರಂಥದ ಮಾತಲ್ಲ, ಸದುದ್ದೇಶದ ಕಟ್ಟುಕಥೆಯೆಂದು ತೋರಿಸಿಕೊಟ್ಟರು. ದಾಕು ಒಳ್ಳೆಯದೇ ಆಗಿತ್ತು. ಸಾಕ್ಷಿ ಸುಳ್ಳಾಗಿತ್ತು. ನಮಗೆ ಹಿತವಾದ ಮಾತನ್ನೇ, ನಮ್ಮ ಹಿರಿಮೆ ಹೇಳುವ ಮಾತನ್ನೇ ಹೆಚ್ಚು ಬಿಗಿಯಾಗಿ ಒರೆಗೆ ಹಚ್ಚಬೇಕೆಂಬುದು ಇದರ ಪಾಠ.

ಕಲ್ಲೂ ತಪ್ಪುವುದುಂಟು. ಮೂರು ರೋಗಗಳಿಗೆ ಒಟ್ಟಾಗಿ ಹಾಕುವ ಒಂದು ಚುಚ್ಚುಮದ್ದಿನ ಮೇಲೆ ಸಂಶಯ ಹುಟ್ಟಿಸುವ ಲೇಖನವೊಂದು 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಅದರ ಆಧಾರ 12 ಮಕ್ಕಳು ಮಾತ್ರ. ಪತ್ರಿಕೆ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಾಯಂದಿರು ಹೆದರಿ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲಿಲ್ಲ. ಬರೆದವನು ಮುಚ್ಚಿಟ್ಟದ್ದನ್ನೆಲ್ಲ ಪರಿಶೀಲಕನು ಕಾಣಲಾರ, ನಿಜ. ಆದರೆ ಹನ್ನೆರಡು ಎಂಬ ಅಂಕಿ ಯಾರಿಗೂ ಕಾಣದ್ದಲ್ಲ.

ಆದುದರಿಂದ ಪರಿಶೀಲಕನಾಗುವವನು ತನಗೆ ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲವೆಂದು ಹಿಂದಿರುಗಿಸಬೇಕು. ಬರೆದವನು ತನ್ನ ಗೆಳೆಯನೋ ಎದುರಾಳಿಯೋ ಆದರೆ ಸಂಪಾದಕನಿಗೆ ಮೊದಲೇ ತಿಳಿಸಬೇಕು. ಕೈಗೆ ಬಂದ ಬರಹವನ್ನು ಗುಟ್ಟಾಗಿಡಬೇಕು. ಅದರ ವಿಚಾರವನ್ನು ತನ್ನದೆಂದು ಬಳಸಬಾರದು. ತಿಂಗಳುಗಟ್ಟಲೆ ಮೇಜಿನ ಮೇಲೆ ಕೊಳೆಹಾಕಬಾರದು. ತನ್ನ ಹೆಸರು ಹೊರಗೆ ಬರದೆಂದು ಕಟುವಾಗಿ ಬರೆಯುವುದಂತೂ ಹೇಡಿತನ.

ಇದು ಪಂಡಿತರ ಮಾತು, ನಮಗೇಕೆ ಎನ್ನುವಿರಾ? ಕೈಗೂಸನ್ನು ಎತ್ತಿಕೊಂಡು ಚುಚ್ಚುಮದ್ದು ಹಾಕಿಸಲು ಬಂದ ಮೂಗೂರಿನ ತಾಯಿ ವೈದ್ಯ ಪತ್ರಿಕೆಯನ್ನು ಓದಿದವಳಲ್ಲ. ಎದುರಿಗಿರುವ ವೈದ್ಯರನ್ನು ನಂಬಿ ಮಗುವಿನ ತೋಳು ನೀಡುತ್ತಾಳೆ. ವೈದ್ಯರು ಪತ್ರಿಕೆಯನ್ನು ನಂಬುತ್ತಾರೆ. ಪತ್ರಿಕೆ ಪರಿಶೀಲಕನನ್ನು ನಂಬುತ್ತದೆ. ಅವನು ಆ ತಾಯಿಯನ್ನು ಎಂದೂ ಕಾಣಲಾರ. ಬರಹವನ್ನು ಓದುವಾಗ ಆಕೆ ಎದುರಿಗೆ ಕುಳಿತಿದ್ದಾಳೆಂದೇ ತಿಳಿದು ಅವನು ಓದಬೇಕು.