ಮೈಗ್ರೇನ್ ಸ್ವನಿರ್ವಹಣಾ ಶಿಕ್ಷಣ

ಮೈಗ್ರೇನ್ ಸ್ವನಿರ್ವಹಣಾ ಶಿಕ್ಷಣ ಎಂಬುದು ಮೈಗ್ರೇನ್ (ಅರೆತಲೆನೋವು) ಉಳ್ಳವರಿಗೆ ನೋವಿನ ಮುನ್ಸೂಚನೆಗಳನ್ನು ಗುರುತಿಸುವ, ಔಷಧವನ್ನು ಮಿತಿಯರಿತು ಬಳಸುವ, ಮಾನಸಿಕ ಒತ್ತಡವನ್ನು ತಗ್ಗಿಸಿಕೊಳ್ಳುವ ಹಾಗೂ ದಿನಚರಿಯನ್ನು ಕ್ರಮಪಡಿಸಿಕೊಳ್ಳುವ ಕೌಶಲಗಳನ್ನು ಕಲಿಸುವ ತರಬೇತಿ. ವೈದ್ಯರು, ದಾದಿಯರು, ಮನಶ್ಶಾಸ್ತ್ರಜ್ಞರು ಇದನ್ನು ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಅಥವಾ ಸಣ್ಣ ಗುಂಪುಗಳಿಗೆ ನೀಡುತ್ತಾರೆ. ಇದು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ, ಪೂರಕ.

ಹಿನ್ನೆಲೆ

ಮೈಗ್ರೇನ್ ನರಮಂಡಲಕ್ಕೆ ಸಂಬಂಧಿಸಿದ ಕಾಯಿಲೆ. ಚಿಕಿತ್ಸೆ ಪಡೆಯದಿದ್ದರೆ ವಯಸ್ಕರಲ್ಲಿ ಒಂದು ಸಲದ ನೋವು 4ರಿಂದ 72 ಗಂಟೆಗಳವರೆಗೆ ಇರಬಹುದು. ಸಾಮಾನ್ಯವಾಗಿ ತಲೆಯ ಒಂದು ಪಾರ್ಶ್ವದಲ್ಲಿ ನಾಡಿ ಮಿಡಿದಂತೆ ನೋವು ಬರುತ್ತದೆ. ಜೊತೆಗೆ ವಾಕರಿಕೆ, ಬೆಳಕು ಮತ್ತು ಶಬ್ದಗಳ ಅಸಹನೆ ಕಾಣಿಸುತ್ತವೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಬೆಂಗಳೂರು ಮತ್ತು ಅದರ ಸುತ್ತಲಿನ ಗ್ರಾಮೀಣ ಪ್ರದೇಶದಲ್ಲಿ 18ರಿಂದ 65 ವರ್ಷದವರ ನಡುವೆ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಒಂದು ವರ್ಷದ ಅವಧಿಯಲ್ಲಿ ಸುಮಾರು ಶೇಕಡಾ 25ರಷ್ಟು ಜನರಲ್ಲಿ ಮೈಗ್ರೇನ್ ಕಂಡುಬಂದಿತು. ಹೊರನೋಟಕ್ಕೆ ಯಾವ ಗುರುತೂ ಕಾಣದ ಕಾರಣ ಈ ಕಾಯಿಲೆಯನ್ನು ಸೋಮಾರಿತನವೆಂದೋ ನೆಪವೆಂದೋ ಭಾವಿಸುವುದುಂಟು. ಆದುದರಿಂದ ನೋವಿನ ಜೊತೆಗೆ, ಮುಂದಿನ ಸಲ ಯಾವಾಗ ಬರುವುದೋ ಎಂಬ ಆತಂಕವನ್ನೂ ಸುತ್ತಲಿನವರ ಅಪನಂಬಿಕೆಯನ್ನೂ ರೋಗಿಯು ಎದುರಿಸಬೇಕಾಗುತ್ತದೆ.

ಇತಿಹಾಸ

ಈ ಶಿಕ್ಷಣದ ಬೇರುಗಳು 20ನೆಯ ಶತಮಾನದ ಪೂರ್ವಾರ್ಧದಲ್ಲಿವೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್, ಸ್ನಾಯುಗಳನ್ನು ಒಂದೊಂದಾಗಿ ಬಿಗಿಗೊಳಿಸಿ ಸಡಿಲಿಸುವ ವಿಶ್ರಾಂತಿ ವಿಧಾನವನ್ನು ರೂಪಿಸಿದರು. ಜರ್ಮನಿಯ ಯೋಹಾನೆಸ್ ಶುಲ್ಟ್ಸ್, ಅಂಗಾಂಗಗಳು ಭಾರವಾಗಿವೆ, ಬೆಚ್ಚಗಿವೆ ಎಂದು ಮನಸ್ಸಿನಲ್ಲೇ ಭಾವಿಸುವ ಸ್ವಯಂಸೂಚನೆಯ ಅಭ್ಯಾಸವನ್ನು ಪ್ರಚಾರಕ್ಕೆ ತಂದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಟೊಪೀಕಾ ನಗರದ ಮೆನಿಂಜರ್ ಪ್ರತಿಷ್ಠಾನದಲ್ಲಿ ಜೋಸೆಫ್ ಸಾರ್ಜೆಂಟ್, ಎಲ್ಮರ್ ಗ್ರೀನ್ ಮತ್ತು ಸಂಗಡಿಗರು, ಉಷ್ಣಮಾಪಕದ ನೆರವಿನಿಂದ ಕೈಗಳನ್ನು ಬೆಚ್ಚಗಾಗಿಸಿಕೊಳ್ಳುವುದನ್ನು ಮೈಗ್ರೇನ್ ರೋಗಿಗಳಿಗೆ ಕಲಿಸಿದರು. ಇದು ಬಯೋಫೀಡ್‌ಬ್ಯಾಕ್ ಎಂದು ಹೆಸರಾಯಿತು. 2000ದಲ್ಲಿ ಅಮೆರಿಕದ ತಲೆನೋವು ಒಕ್ಕೂಟವು ಪ್ರಕಟಿಸಿದ ಮಾರ್ಗಸೂಚಿಯು ಮೈಗ್ರೇನ್ ತಡೆಗೆ ವಿಶ್ರಾಂತಿ ತರಬೇತಿ, ಬಯೋಫೀಡ್‌ಬ್ಯಾಕ್ ಹಾಗೂ ಅರಿವು-ವರ್ತನಾ ಚಿಕಿತ್ಸೆಗಳನ್ನು ಪರಿಗಣಿಸಬಹುದೆಂದು ಹೇಳಿತು.

ಕಲಿಸುವ ವಿಷಯಗಳು

ದಿನಚರಿ ಪುಸ್ತಕ: ನೋವು ಬಂದ ದಿನ, ಅವಧಿ, ತೀವ್ರತೆ, ಸೇವಿಸಿದ ಮಾತ್ರೆ, ನಿದ್ರೆ, ಊಟ, ಋತುಸ್ರಾವ ಇವುಗಳನ್ನು ಬರೆದಿಡುವುದು ಮೊದಲ ಪಾಠ. ಎರಡು ಮೂರು ತಿಂಗಳ ದಾಖಲೆಯಿಂದ ನೋವಿನ ವಿನ್ಯಾಸವು ರೋಗಿಗೂ ವೈದ್ಯರಿಗೂ ಸ್ಪಷ್ಟವಾಗುತ್ತದೆ.

ಕ್ರಮಬದ್ಧ ಜೀವನ: ನಿಯತ ವೇಳೆಗೆ ನಿದ್ರೆ, ಊಟ, ಸಾಕಷ್ಟು ನೀರು ಮತ್ತು ಮಿತವಾದ ವ್ಯಾಯಾಮ ಇದರ ಅಂಗಗಳು. ಉಪವಾಸದಿಂದ ಹಾಗೂ ರೂಢಿಯ ಕಾಫಿಯನ್ನು ಏಕಾಏಕಿ ಬಿಡುವುದರಿಂದ ಕೆಲವರಲ್ಲಿ ನೋವು ಉಂಟಾಗುತ್ತದೆ. ವ್ರತನಿಯಮಗಳನ್ನು ಪಾಲಿಸುವವರು ಈ ಬಗ್ಗೆ ವೈದ್ಯರೊಂದಿಗೆ ಮೊದಲೇ ಚರ್ಚಿಸುವುದು ಒಳಿತು.

ಔಷಧದ ಮಿತಿ: ನೋವು ಆರಂಭವಾದೊಡನೆ ಔಷಧ ತೆಗೆದುಕೊಂಡರೆ ಫಲ ಹೆಚ್ಚು. ಆದರೆ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್ ಹಾಗೂ ಸಂಯುಕ್ತ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಬಳಸಿದರೆ ಆ ಔಷಧಗಳೇ ತಲೆನೋವಿಗೆ ಕಾರಣವಾಗಬಹುದು. ಅಂಗಡಿಯಿಂದ ನೇರವಾಗಿ ಮಾತ್ರೆ ಕೊಳ್ಳುವ ರೂಢಿಯಿರುವಲ್ಲಿ ಈ ಪಾಠವು ವಿಶೇಷ ಮಹತ್ವದ್ದು.

ಆಲೋಚನೆಯ ತಿದ್ದುಪಡಿ: "ಇಂದಿನ ದಿನ ಹಾಳಾಯಿತು, ನನ್ನಿಂದ ಏನೂ ಆಗದು" ಎಂಬಂತಹ ಭಾವನೆಗಳು ಸಂಕಟವನ್ನು ಹೆಚ್ಚಿಸುತ್ತವೆ. ಇಂತಹವನ್ನು ಗುರುತಿಸಿ, ಮಾಡಬಹುದಾದ ಸಣ್ಣ ಕಾರ್ಯಗಳತ್ತ ಮನಸ್ಸನ್ನು ತಿರುಗಿಸಲು ಅರಿವು-ವರ್ತನಾ ಚಿಕಿತ್ಸೆಯಲ್ಲಿ ಕಲಿಸಲಾಗುತ್ತದೆ. ಮನೆಯವರಿಗೂ ಸಹೋದ್ಯೋಗಿಗಳಿಗೂ ಕಾಯಿಲೆಯನ್ನು ವಿವರಿಸಿ ನೆರವು ಕೇಳುವುದೂ ಇದರ ಭಾಗ.

ಯೋಗ: ದೆಹಲಿಯ ಏಮ್ಸ್ ಸಂಸ್ಥೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಮೂರು ತಿಂಗಳ ಪ್ರಯೋಗದಲ್ಲಿ, ಔಷಧವನ್ನಷ್ಟೇ ಪಡೆದವರಿಗಿಂತ ಔಷಧದೊಂದಿಗೆ ಯೋಗಾಭ್ಯಾಸ ಮಾಡಿದವರಲ್ಲಿ ನೋವಿನ ಆವರ್ತನ ಮತ್ತು ತೀವ್ರತೆ ಹೆಚ್ಚು ಇಳಿದವು.

ಪ್ರಚೋದಕಗಳ ಕುರಿತ ಚರ್ಚೆ

ನೋವನ್ನು ಕೆರಳಿಸುವ ಎಲ್ಲವನ್ನೂ ವರ್ಜಿಸಬೇಕೆಂಬುದು ಹಳೆಯ ಸಲಹೆ. ಹೀಗೆ ಬೆಳಕು, ಶಬ್ದ, ಸಮಾರಂಭಗಳಿಂದ ದೂರ ಸರಿಯುತ್ತ ಹೋದರೆ ಜೀವನ ಕಿರಿದಾಗುತ್ತದೆ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಪಾಲ್ ಮಾರ್ಟಿನ್ ಅವರ ವಾದದಂತೆ, ಸತತ ವರ್ಜನೆಯಿಂದ ಸಂವೇದನೆ ಇನ್ನಷ್ಟು ತೀಕ್ಷ್ಣವಾಗಬಹುದು. ಆದುದರಿಂದ ಕೆಲವು ಪ್ರಚೋದಕಗಳಿಗೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಕೊಳ್ಳುವುದು ಲೇಸು. ನಿದ್ರಾಹೀನತೆ, ಹಸಿವೆಗಳಂತಹ ಆರೋಗ್ಯಕ್ಕೆ ಹಾನಿಕರವಾದವುಗಳಿಗೆ ಇದು ಅನ್ವಯಿಸದು. ನೋವಿಗೆ ಮುನ್ನ ಸಿಹಿ ತಿನ್ನಬೇಕೆನಿಸುವುದು ಮೈಗ್ರೇನಿನ ಪೂರ್ವಲಕ್ಷಣವೇ ಆಗಿರಬಹುದು. ಆಗ ತಿಂದ ಸಿಹಿಯನ್ನು ಕಾರಣವೆಂದು ದೂರುವುದು ಸರಿಯಾಗದು.

ಮಿತಿಗಳು ಮತ್ತು ಎಚ್ಚರಿಕೆ

ಈ ಶಿಕ್ಷಣವು ಮೈಗ್ರೇನನ್ನು ಪೂರ್ಣವಾಗಿ ನಿವಾರಿಸುವುದಿಲ್ಲ. ಫಲ ಕಾಣಲು ವಾರಗಳ ಅಭ್ಯಾಸ ಬೇಕು. ಕೌಶಲಗಳನ್ನು ಕಲಿತ ಮೇಲೂ ನೋವು ಬಂದರೆ ಅದು ರೋಗಿಯ ತಪ್ಪಲ್ಲ. ಹಠಾತ್ತನೆ ಸಿಡಿಲೆರಗಿದಂತೆ ಬರುವ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿತ, ಕೈಕಾಲುಗಳ ಬಲಹೀನತೆ, ಮಾತಿನ ತೊದಲು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 50 ವರ್ಷದ ನಂತರ ಹೊಸದಾಗಿ ತಲೆನೋವು ಆರಂಭವಾದರೂ ವೈದ್ಯರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯ.